ಎಸ್‌ಎಚ್‌ಆರ್ (ಶಾರ್ಟ್-ರೂಟ್), ಎಸ್‌ಸಿಆರ್ (ಸ್ಕೇರ್‌ಕ್ರೋ) ಜೀನ್ ಕೆಟ್ಟ ಬೇರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ

ಅರಾಬಿಡಾಪ್ಸಿಸ್ (ಪ್ರಯೋಗಕ್ಕೆ ಬಳಸುವ ಸಣ್ಣ ಗಿಡ) ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿಯೇ ಬೆಳೆಸಿ. ಮಲಗಿಸಿದರೆ ಬೇರು ಅಗರ್‌ಗೆ (ತಟ್ಟೆಯ ಜೆಲ್ಲಿಗೆ) ಇಳಿದು, ಎಳೆಯುವಾಗ ತುದಿ ಮುರಿಯುತ್ತದೆ. 5 ದಿನದ ಸಸಿಯೇ ಬೇಕು. ಎರಡನೇ ವಾರದಲ್ಲಿ ನಡು ಕಾರ್ಟೆಕ್ಸ್ ಎಂಬ ಹೆಚ್ಚುವರಿ ಪದರ ಹುಟ್ಟಿಕೊಂಡು ಪದರದ ಲೆಕ್ಕ ತಪ್ಪಿಸುತ್ತದೆ. ಪ್ರೊಪಿಡಿಯಂ ಅಯೋಡೈಡ್ (ಕೋಶಗೋಡೆ ಕಾಣಿಸುವ ಬಣ್ಣ) ಮಿ.ಲೀ.ಗೆ 10 ಮೈಕ್ರೊಗ್ರಾಂ, ಒಂದೆರಡು ನಿಮಿಷ (ಕೈಗವಸು ಮರೆಯಬೇಡಿ). ನ್ಯೂಕ್ಲಿಯಸ್ ಕೆಂಪಗೆ ಹೊಳೆದರೆ ಆ ಕೋಶ ಸತ್ತಿದೆ.

ಸಹಜ ಬೇರಿನಲ್ಲಿ ಹೊರಚರ್ಮಕ್ಕೂ ನಡುಗಂಬಕ್ಕೂ (ನೀರು, ಆಹಾರ ಸಾಗಿಸುವ ಒಳಭಾಗ) ನಡುವೆ ಎರಡು ಪದರ: ಹೊರಗೆ ಕಾರ್ಟೆಕ್ಸ್, ಒಳಗೆ ಎಂಡೋಡರ್ಮಿಸ್. ಎರಡೂ ಮ್ಯುಟೆಂಟ್‌ಗಳಲ್ಲಿ (ಜೀನ್ ಕೆಟ್ಟ ಗಿಡಗಳಲ್ಲಿ) ಒಂದೇ ಪದರ. ಹಾಗಾಗಿ ಬರೀ ಎಣಿಸಿ ಹೆಸರು ಬರೆಯಬೇಡಿ. ತುದಿಯಿಂದ ಮೇಲೆ, ಬಲಿತ ಭಾಗದಲ್ಲಿ ಕ್ಯಾಸ್ಪೇರಿಯನ್ ಪಟ್ಟಿ (ಎಂಡೋಡರ್ಮಿಸ್ ಕೋಶಗೋಡೆಯಲ್ಲಿರುವ, ನೀರು ತಡೆಯುವ ಪಟ್ಟಿ) ಹುಡುಕಿ. ಎಸ್‌ಸಿಆರ್ ಕೆಟ್ಟಿದ್ದರೆ ಪಟ್ಟಿ ಇರುತ್ತದೆ, ಎಸ್‌ಎಚ್‌ಆರ್ ಕೆಟ್ಟಿದ್ದರೆ ಇರದು. ಎಸ್‌ಎಚ್‌ಆರ್ ಪ್ರೋಟೀನು ನಡುಗಂಬದಲ್ಲಿ ತಯಾರಾಗಿ ಪಕ್ಕದ ಪದರಕ್ಕೆ ದಾಟಿದರಷ್ಟೇ ಎಂಡೋಡರ್ಮಿಸ್ ಗುಣ. ಅದನ್ನು ಅಲ್ಲಿನ ನ್ಯೂಕ್ಲಿಯಸ್ಸಿನಲ್ಲಿ ಹಿಡಿದಿಡುವುದು ಎಸ್‌ಸಿಆರ್.