ಉಗುರು ನೋಡಿದ ಡಾಕ್ಟರಮ್ಮನಿಗೆ

ಕಳೆದ ಗುರುವಾರ ಒಂದು ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ಮುಗಿಸಿದೆ. ಒಂದೂವರೆ ವರ್ಷದಲ್ಲಿ ನಾನೇ ಕೂತು ಕಟ್ಟಿದ ಮೊದಲ ಕುಚ್ಚು ಅದು. ಸೀರೆ ಮಡಿಸಿಟ್ಟ ಮೇಲೆ, ಈ ಬೆರಳುಗಳನ್ನು ಉಳಿಸಿಕೊಟ್ಟವರಿಗೆ ನಾಲ್ಕು ಜನರ ಎದುರಿಗೇ ಕೈಮುಗಿಯಬೇಕು ಎನ್ನಿಸಿತು.

ಅರಸೀಕೆರೆಯಲ್ಲಿ ಹೊಲಿಗೆ ನನ್ನ ಕಸುಬು. ಚರ್ಮ ಕೆಂಪಾಗಿ ಹೊಟ್ಟು ಏಳುವ ಸೋರಿಯಾಸಿಸ್ ಶುರುವಾಗಿ 11 ವರ್ಷವಾಯಿತು. ಮೊದಲು ತಲೆಯಲ್ಲಿ, ಕಿವಿಯ ಹಿಂದೆ, ಆಮೇಲೆ ಮೊಣಕೈಯಲ್ಲಿ. ಇದು ಅಂಟುರೋಗವಲ್ಲ. ಆದರೂ ಅಳತೆ ಕೊಡಲು ಬಂದವರು ನನ್ನ ಮೊಣಕೈ ಕಂಡು ಹಿಂದೆ ಸರಿದದ್ದುಂಟು. ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆಯನ್ನೇ ತೊಟ್ಟೆ. ಮುಲಾಮು ಹಚ್ಚುವುದು, ಉದುರಿದ ಹೊಟ್ಟು ಗುಡಿಸುವುದು, ಈ ಕಾಯಿಲೆ ಇಷ್ಟೇ ಎಂದುಕೊಂಡಿದ್ದೆ.

ಹಾಗಾಗಿ ಹಿಮ್ಮಡಿ ನೋಯತೊಡಗಿದಾಗ ಹೊಲಿಗೆ ಯಂತ್ರ ತುಳಿದದ್ದಕ್ಕೆ ಇರಬೇಕು ಎಂದು ಸುಮ್ಮನಾದೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಕೆಲಸಕ್ಕೆ ಕೂತ ಮೇಲೆ ಸಡಿಲವಾಗುತ್ತಿತ್ತು. ದುಡಿದು ಬಂದ ನೋವಾದರೆ ದುಡಿದಷ್ಟೂ ಹೆಚ್ಚಬೇಕಲ್ಲವೇ? ಅದು ನನಗೆ ಹೊಳೆಯಲಿಲ್ಲ. ಒಬ್ಬ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಕೆಲವು ಸಂಧಿವಾತಗಳಲ್ಲಿ ರಕ್ತದಲ್ಲಿ ಕಾಣುವ ರುಮಟಾಯ್ಡ್ ಫ್ಯಾಕ್ಟರ್ ಇಲ್ಲ, ಆದ್ದರಿಂದ ಸಂಧಿವಾತವಲ್ಲ ಎಂದು ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು. ಆ ಹೊತ್ತಿಗೆ ಬಲಗಾಲಿನ ಮೂರನೆಯ ಬೆರಳು ಬುಡದಿಂದ ತುದಿಯವರೆಗೆ ಒಂದೇ ಸಮ ಊದಿ ಎಳೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಚಪ್ಪಲಿಯೊಳಗೆ ಕಾಲು ಹೋಗುತ್ತಿರಲಿಲ್ಲ.

ಮೊದಲ ನಮಸ್ಕಾರ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿದ್ದ ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮನಿಗೆ. ನಾನು ಹೋದದ್ದು ಮುಲಾಮು ಬರೆಸಿಕೊಳ್ಳಲು. ಹೊರಗೆ ಸಾಲು ಮೆಟ್ಟಿಲವರೆಗೆ ನಿಂತಿತ್ತು. ಆಕೆ ಚೀಟಿ ಬರೆಯುವ ಮುನ್ನ ನನ್ನ ಹತ್ತೂ ಬೆರಳನ್ನು ಮೇಜಿನ ಮೇಲೆ ಹರಡಿಸಿ, ಮೊಬೈಲಿನ ಬೆಳಕು ಹಾಯಿಸಿ ಉಗುರು ನೋಡಿದರು. ಸೂಜಿಮೊನೆಯಿಂದ ಒತ್ತಿದಂತಹ ಸಣ್ಣ ಸಣ್ಣ ಗುಳಿಗಳು. ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳಿಗೆ ತೊಡುವ ಹಿತ್ತಾಳೆ ಟೊಪ್ಪಿಗೆಯ ಮೈ ಇರುತ್ತದಲ್ಲ, ಥೇಟ್ ಹಾಗೆ. ದಿನವೂ ಕಣ್ಣೆದುರೇ ಇದ್ದದ್ದನ್ನು ನಾನು ಗಮನಿಸಿಯೇ ಇರಲಿಲ್ಲ.

ಆಮೇಲೆ ಕೇಳಿದರು: ಯಾವತ್ತಾದರೂ ಕೀಲು ಊದಿತ್ತೇ? ಹಿಮ್ಮಡಿ ನೋವು ಬಂದಿತ್ತೇ? ಪೆಟ್ಟಿಲ್ಲದೆ ಒಂದು ಇಡೀ ಬೆರಳು ಬಾತುಕೊಂಡಿತ್ತೇ? ಸಂಧಿವಾತವೆಂದು ಯಾವ ವೈದ್ಯರಾದರೂ ಹೇಳಿದ್ದರೇ? ಉಗುರಿನ ಗುಳಿಯೂ ಸೇರಿ ಒಟ್ಟು ಐದು. ಮೂರಕ್ಕೆ ಹೌದು ಎಂದರೆ ಕೀಲುರೋಗ ತಜ್ಞರಿಗೆ ತೋರಿಸಲೇಬೇಕಂತೆ. ನನ್ನದು ನಾಲ್ಕು. ಕೊನೆಯದಕ್ಕೆ ಮಾತ್ರ ಇಲ್ಲ ಎಂದೆ, ಅಲ್ಲವೆಂದು ಹೇಳಿ ಕಳುಹಿಸಿದ್ದರಲ್ಲ. ‘ಅಮ್ಮಾ, ಇದು ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್ ಜೊತೆ ಬರುವ ಸಂಧಿವಾತ ಇರಬಹುದು, ಒಂದು ವಾರವೂ ತಡಮಾಡಬೇಡಿ’ ಎಂದು ಕಾಗದ ಬರೆದು ಕೈಗಿಟ್ಟರು.

ಬೆಂಗಳೂರಿಗೆ ರೈಲಿನಲ್ಲಿ ಜೊತೆಗೆ ಬಂದವಳು ನನ್ನ ನಾದಿನಿ. ತನ್ನ ರಜೆಗಳನ್ನೆಲ್ಲ ನನಗಾಗಿ ಕಳೆದಳು. ಅಲ್ಲಿಯ ತಜ್ಞರು ಪ್ರತಿ ಕೀಲನ್ನೂ ಒತ್ತಿ ನೋಡಿದರು. ಈ ಕಾಯಿಲೆಯಲ್ಲಿ ಆ ರಕ್ತ ಪರೀಕ್ಷೆ ಹೆಚ್ಚಿನವರಿಗೆ ನೆಗೆಟಿವ್ ಆಗಿಯೇ ಬರುತ್ತದೆ ಎಂದರು. ಉಗುರಿನ ಬುಡವೂ ಬೆರಳ ತುದಿಯ ಕೀಲಿಗೆ ಬರುವ ಸ್ನಾಯುರಜ್ಜುವೂ (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ) ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಚಿತ್ರ ಬರೆದು ತೋರಿಸಿದರು. ಬಟ್ಟೆಗೆ ಲೈನಿಂಗ್ ಸೇರಿಸಿ ಹೊಲಿದಂತೆ ಎಂದು ನಾನು ತಿಳಿದುಕೊಂಡೆ. ಉಗುರು ಕೆಟ್ಟವರು, ತಲೆಯಲ್ಲಿ ಅಥವಾ ಪೃಷ್ಠದ ಸಂದಿನಲ್ಲಿ ಸೋರಿಯಾಸಿಸ್ ಇರುವವರು, ಮೈತೂಕ ಹೆಚ್ಚಿದವರು, ಮನೆಯಲ್ಲಿ ಯಾರಿಗಾದರೂ ಈ ಸಂಧಿವಾತ ಇರುವವರು ಹೆಚ್ಚು ಎಚ್ಚರದಿಂದಿರಬೇಕಂತೆ. ಹೆಚ್ಚಿನವರಿಗೆ ಚರ್ಮದಲ್ಲಿ ಕಾಣಿಸಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಕೀಲಿಗೆ ಬರುತ್ತದೆ. ಆರು ತಿಂಗಳು ತಡವಾದರೂ ಮೂಳೆ ಸವೆಯುವ ಸಂಭವ ಹೆಚ್ಚು, ಸವೆದದ್ದು ಮರಳಿ ಬೆಳೆಯುವುದಿಲ್ಲ. ನನ್ನ ಎಕ್ಸ್‌ರೇಯಲ್ಲಿ ಕಾಲಿನ ಒಂದು ಕೀಲಿನ ಅಂಚು ತುಸು ಸವೆದಿತ್ತು. ಕೈ ಉಳಿದಿತ್ತು.

ಕೀಲಿನ ಉರಿಯೂತ ತಗ್ಗಿಸಲು ಕೊಟ್ಟ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ, ದಿನವೂ ನುಂಗಿದರೆ ಜೀವಕ್ಕೇ ಅಪಾಯ ಎಂದು ಮೂರು ಸಲ ನನ್ನ ಬಾಯಲ್ಲೇ ಹೇಳಿಸಿದ ಸಿಸ್ಟರ್ ಅವರಿಗೂ ಋಣಿ. ಅವರು ಹೇಳಿದಂತೆ ಶನಿವಾರಗಳಿಗೆಲ್ಲ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿಟ್ಟಿದ್ದೇನೆ.

ನಮ್ಮ ಯಜಮಾನರು ಏಳು ತಿಂಗಳು ಬೆಳಗಾದರೆ ನನ್ನ ಜಡೆ ಹೆಣೆದರು. ಕೆಲಸ ಕಲಿಯಲು ಬಂದಿದ್ದ ಹುಡುಗಿ ಹೆಮ್ಮಿಂಗ್, ಹುಕ್ಕು, ಕಾಜಾ ಎಲ್ಲವನ್ನೂ ತಾನೇ ಹೊತ್ತುಕೊಂಡಳು. ಮದುವೆಯ ರವಿಕೆಗಳನ್ನು ಬೇರೆಡೆಗೆ ಕೊಡದೆ ಕಾದ ಅಕ್ಕತಂಗಿಯರನ್ನು ಹೇಗೆ ಮರೆಯಲಿ?

ಹೋದ ತಿಂಗಳು ಸಿಹಿ ಹಿಡಿದು ಆ ಚರ್ಮರೋಗ ವಿಭಾಗಕ್ಕೆ ಹೋದೆ. ಓದು ಮುಗಿಸಿ ಊರಿಗೆ ಹೋದರು ಎಂದರು. ಎಲ್ಲೇ ಇರಿ, ಡಾಕ್ಟರಮ್ಮಾ, ನನ್ನ ಬೆರಳು ಮಡಚುತ್ತಿವೆ. ನಿಮ್ಮ ಸೀರೆಗೂ ನಾನೇ ಕುಚ್ಚು ಕಟ್ಟಬೇಕು. ಅಂಗಡಿ ರೈಲು ನಿಲ್ದಾಣದ ರಸ್ತೆಯಲ್ಲೇ ಇದೆ.