ಡಿಸೈನ್ ಥಿಂಕಿಂಗ್: ಲಾಭವನ್ನು ಫಾರಂನಲ್ಲೇ ಎಣಿಸಿ

ಮಾನ್ಯ ಸಂಪಾದಕರೇ,

ಬಳಸುವವರ ಕಷ್ಟವನ್ನು ಹತ್ತಿರದಿಂದ ನೋಡಿ, ಅಗ್ಗದ ಮಾದರಿ ಮಾಡಿ, ಅವರ ಕೈಗೇ ಕೊಟ್ಟು ತಿದ್ದುವ ಡಿಸೈನ್ ಥಿಂಕಿಂಗ್ ಕ್ರಮ ಗಡಿನಾಡಿಗೆ ಬೇಕಾದದ್ದೇ. ಆದರೆ ಅದರ ಬೆಲೆಯನ್ನು ಸಾಬೀತುಪಡಿಸಲು ಕಾರ್ಯಾಗಾರದಲ್ಲಿ ಬಣ್ಣದ ಚೀಟಿ ಅಂಟಿಸಿದ ಗೋಡೆಯ ಫೋಟೋ ಸಾಲದು. ಕಾರ್ಯಾಗಾರದ ಕೊನೆಗೆ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರವೂ ತರಬೇತುದಾರರ ಮಾತು ಹಿಡಿಸಿತೇ ಎಂಬುದನ್ನಷ್ಟೇ ಹೇಳುತ್ತದೆ. ಒಳ್ಳೆಯ ವಿನ್ಯಾಸದಿಂದ ಆದಾಯ ಹೆಚ್ಚುತ್ತದೆ ಎನ್ನಲು ಸಲಹಾ ಸಂಸ್ಥೆ ಮೆಕಿನ್ಸೆಯ 2018ರ ಅಧ್ಯಯನವನ್ನು ಹಲವರು ಮುಂದಿಡುತ್ತಾರೆ. ಅದು ನೋಡಿದ್ದು ಷೇರುಪೇಟೆಯ 300 ಕಂಪನಿಗಳನ್ನು. ಅದರಿಂದ ನಮ್ಮ ಪಂಚಾಯತಿಗೆ ಏನೂ ಸಾಬೀತಾಗುವುದಿಲ್ಲ.

ಕಾಸರಗೋಡಿನಲ್ಲಿ ಅಳೆಯಲು ಸುಲಭವಾದ ವಸ್ತುವೊಂದಿದೆ: ಮಲಯಾಳದಿಂದ ಕನ್ನಡಕ್ಕೆ ಬಂದ ಅರ್ಜಿ ಫಾರಂ. ಮಲಯಾಳದಲ್ಲಿ 'ವ್ಯವಸಾಯಂ' ಎಂದರೆ ಕೈಗಾರಿಕೆ. ಲಿಪಿಯನ್ನಷ್ಟೇ ಬದಲಿಸಿದರೆ ಅಡಿಕೆ ಕೃಷಿಕರು ತೋಟದ ಆದಾಯವನ್ನು ಆ ಅಂಕಣದಲ್ಲೇ ಬರೆಯುತ್ತಾರೆ. 'ಅವಕಾಶಿ' ಅಂದರೆ ಅಲ್ಲಿ ವಾರಸುದಾರ. 'ಅಪೇಕ್ಷೆ' ಅಂದರೆ ಅರ್ಜಿ. ಇಂಥ ತಪ್ಪು ಸಭೆಯಲ್ಲಿ ಕೂತು ಚರ್ಚಿಸಿದರೆ ಸಿಗದು. ಫಾರಂ ತುಂಬುವವರ ಪಕ್ಕ ಸುಮ್ಮನೆ ಕೂತು, ಪೆನ್ನು ಎಲ್ಲಿ ನಿಂತಿತು ಎಂದು ಗುರುತು ಹಾಕಿಕೊಳ್ಳಬೇಕು. ಸಹಾಯ ಮಾಡಬಾರದು, ಕಷ್ಟವಾದರೂ ಇದು ಮುಖ್ಯ.

ಹೀಗೆ ಪರೀಕ್ಷಿಸಲು ಐದು ಜನ ಸಾಕು ಎಂದು ವಿನ್ಯಾಸದವರು ಹೇಳುವ ಮಾತು ಇಲ್ಲಿ ಗೊಂದಲ ಹುಟ್ಟಿಸುತ್ತದೆ. ಒಬ್ಬೊಬ್ಬರಿಂದ ಸರಾಸರಿ ಶೇ. 31ರಷ್ಟು ದೋಷ ಬಯಲಾಗುತ್ತದೆ ಎಂದು ಹಿಡಿದರೆ ಐವರಿಂದ ಸುಮಾರು ಶೇ. 85 ಸಿಗುತ್ತದೆ ಎಂಬುದು ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡುವ ತಜ್ಞ ಯಾಕೋಬ್ ನೀಲ್ಸನ್ ಅವರ ಲೆಕ್ಕ. ದೋಷ ಹುಡುಕಲು ಅಷ್ಟು ಸಾಕು, ಲಾಭ ಸಾಬೀತಿಗೆ ಸಾಲದು. ಮನೆಯಲ್ಲಿ ತುಳು, ಮರಾಠಿ, ಬ್ಯಾರಿ ಮಾತಾಡಿ ಕನ್ನಡ ಓದುವವರಿಂದಲೂ ಬೇರೆ ಬೇರೆಯಾಗಿ ಐದೈದು ಮಂದಿಯನ್ನು ಕೂರಿಸಬೇಕು.

ಸಾಬೀತಿಗೆ ಬೇಕಾದದ್ದು ಎಣಿಕೆ, ಅದೂ ಫಾರಂ ಬದಲಿಸುವ ಮೊದಲೇ ಆರಂಭವಾಗಬೇಕು. ಕನಿಷ್ಠ ನಾಲ್ಕು ವಾರ, ಬಂದ ಅರ್ಜಿ ಎಷ್ಟು, ತಪ್ಪಿಗಾಗಿ ಹಿಂದೆ ಕಳಿಸಿದ್ದು ಎಷ್ಟು, ಯಾವ ಅಂಕಣದಲ್ಲಿ ತಪ್ಪು ಎಂದು ಪುಸ್ತಕದಲ್ಲಿ ಬರೆಯಬೇಕು. ಲೆಕ್ಕಕ್ಕೆಂದು ಹಿಡಿಯೋಣ: ತಿಂಗಳಿಗೆ 200 ಅರ್ಜಿಯಲ್ಲಿ 60 ಹಿಂದೆ ಹೋಗುತ್ತಿದ್ದದ್ದು 25ಕ್ಕೆ ಇಳಿಯಿತು. 35 ಜನರ ಓಡಾಟ ಉಳಿಯಿತು. ಬಸ್ ಚಾರ್ಜು, ಅರ್ಧ ದಿನದ ಕೂಲಿ ಸೇರಿ ತಲಾ 400 ರೂಪಾಯಿಯಂತೆ ತಿಂಗಳಿಗೆ 14,000 ರೂಪಾಯಿ. ಕೆಲಸಕ್ಕೆ 30,000 ಖರ್ಚಾಗಿದ್ದರೆ ಎರಡು ತಿಂಗಳು ಕಳೆದು ಕೆಲವೇ ದಿನಗಳಲ್ಲಿ ಆ ಹಣ ಹುಟ್ಟಿತು. ಸಿಬ್ಬಂದಿ ಕೊಟ್ಟ ಸಮಯದ ಸಂಬಳವನ್ನೂ ಆ ಖರ್ಚಿಗೆ ಸೇರಿಸಲೇಬೇಕು. ಹೆಚ್ಚಿನ ವರದಿಗಳು ಜಾರುವುದು ಇಲ್ಲೇ.

ಜೂನ್ ತಿಂಗಳನ್ನು ಆಗಸ್ಟಿಗೆ ಹೋಲಿಸಬೇಡಿ. ಶಾಲಾ ಕಾಲೇಜು ಪ್ರವೇಶದ ಹೊತ್ತಿನ ನೂಕುನುಗ್ಗಲು ಇಳಿದರೆ ತಪ್ಪು ತಾನಾಗಿಯೇ ಇಳಿದೀತು. ಫಾರಂ ಬದಲಿಸದ ನೆರೆಯ ಕಚೇರಿಯಲ್ಲೂ ಅದೇ ವಾರಗಳಲ್ಲಿ ಎಣಿಸಿ, ಎರಡೂ ಕಡೆ ತಪ್ಪು ಇಳಿದ ಪ್ರಮಾಣದ ವ್ಯತ್ಯಾಸವನ್ನು ಮಾತ್ರ ಹೊಸ ಫಾರಂನ ಲೆಕ್ಕಕ್ಕೆ ಹಾಕಿ. ಹಳೆಯ ಫಾರಂ ಝೆರಾಕ್ಸ್ ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಹೊಸದರ ಮೂಲೆಯಲ್ಲಿ ಆವೃತ್ತಿ ಸಂಖ್ಯೆ ಅಚ್ಚು ಹಾಕಿ, ಹಿಂದೆ ಹೋದ ಪ್ರತಿ ಅರ್ಜಿಯ ಎದುರು ಅದನ್ನು ಬರೆದಿಡಬೇಕು. ಆರು ತಿಂಗಳ ಮೇಲೆ ಇದೇ ಎಣಿಕೆಯನ್ನು ಮತ್ತೊಮ್ಮೆ ಮಾಡಿ, ಎರಡೂ ಕಚೇರಿಗಳ ಅಂಕಿಗಳನ್ನು ನೋಟಿಸ್ ಬೋರ್ಡಿಗೆ ಹಾಕಬೇಕೆಂದು ಸ್ಥಳೀಯಾಡಳಿತಗಳನ್ನು ಕೇಳಿಕೊಳ್ಳುತ್ತೇವೆ.

– ವಿನ್ಯಾಸ ತರಬೇತುದಾರರು, ಕಾಸರಗೋಡು