ಹಸುವಿಲ್ಲದ ಅಡುಗೆಮನೆಗೆ

ಪ್ರೀತಿಯ ಮಗಳೇ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಸುಖವಾಗಿ ಊರು ಸೇರಿದೆ. ಶಿವಮೊಗ್ಗದ ನಿನ್ನ ಮನೆಯಲ್ಲಿ ನೀನೂ ಅಳಿಯಂದಿರೂ ನಾಲ್ಕು ದಿನ ನೋಡಿಕೊಂಡ ರೀತಿಗೆ ಮನಸ್ಸು ತುಂಬಿದೆ. ಒಂದು ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಎದುರಿಗೆ ಹೇಳಿದರೆ ನೊಂದುಕೊಳ್ಳುತ್ತೀಯೆಂದು ಸುಮ್ಮನಿದ್ದೆ.

ಮೂರನೆಯ ದಿನ ಬೆಳಿಗ್ಗೆ ಕಸದ ಬುಟ್ಟಿಯ ಮುಚ್ಚಳ ತೆಗೆದರೆ ಹಿಂದಿನ ರಾತ್ರಿಯ ಅನ್ನ, ಇಬ್ಬರು ಉಣ್ಣುವಷ್ಟು. ಪಕ್ಕದಲ್ಲಿ ಫ್ರಿಜ್ಜಿನಲ್ಲಿ ಮರೆತು ಕೊಳೆತ ಬೆಂಡೆಕಾಯಿ, ಪ್ಲಾಸ್ಟಿಕ್ ಚೀಲದ ಸಮೇತ. ನನಗೆ ಸಂಕಟವಾಯಿತು.

ನಮ್ಮ ಮನೆಯಲ್ಲಿ ನೀನು ಕಂಡಿದ್ದೀಯ: ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಸೌತೆಕಾಯಿ ಸಿಪ್ಪೆ, ಹಲಸಿನ ಹಣ್ಣಿನ ಹೊರಮೈ ಎಲ್ಲವೂ ಕೊಟ್ಟಿಗೆಗೆ ಹೋಗುತ್ತಿದ್ದವು. ಆ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಕುಡಿದ ಹಸು ಸಗಣಿ ಕೊಟ್ಟಿತು, ಸಗಣಿ ಗೊಬ್ಬರದ ಗುಂಡಿ ಸೇರಿತು, ಗೊಬ್ಬರ ಅಡಿಕೆ ಮರದ ಬುಡಕ್ಕೆ ಬಿತ್ತು. ಅದು ನಮ್ಮ ಜಾಣತನ ಎಂದುಕೊಂಡಿದ್ದೆ. ದೊಡ್ಡಪ್ಪನಿಗೆ ಮಂಡಿನೋವು ಬಂದು ಕೊನೆಯ ಹಸುವನ್ನೂ ಕೊಟ್ಟ ವರ್ಷ ನಾನೇ ಉಳಿದದ್ದನ್ನೆಲ್ಲ ಹಿತ್ತಲಿನ ಚರಂಡಿಗೆ ಸುರಿಯುತ್ತಿದ್ದೆ. ಏನೂ ಹಾಳಾಗದಂತೆ ನೋಡಿಕೊಂಡದ್ದು ನಾನಲ್ಲ, ಕೊಟ್ಟಿಗೆ ಎಂಬುದು ಆಗ ತಿಳಿಯಿತು. ನಿನ್ನ ಮನೆಗೂ ಕೊಟ್ಟಿಗೆಯಿಲ್ಲ. ಅದರ ಕೆಲಸವನ್ನು ನೀನೇ ಮಾಡಬೇಕು.

ಕಸದ ಗಾಡಿ ಒಯ್ದರೆ ಮುಗಿಯಿತು ಎಂದುಕೊಳ್ಳಬೇಡ. ರಾಶಿಯ ಅಡಿಯಲ್ಲಿ ಗಾಳಿಯಾಡದೆ ಕೊಳೆಯುವ ಅನ್ನದಿಂದ ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ನೀರು ನಿಂತ ಭತ್ತದ ಗದ್ದೆಯಿಂದಲೂ ಅದೇ ಅನಿಲ ಬರುತ್ತದೆ. ಹಾಗಾಗಿ ಚೆಲ್ಲಿದ ಅನ್ನಕ್ಕೆ ಭೂಮಿ ಎರಡು ಸಲ ಬೆಲೆ ತೆರುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ಮನೆಗಳದ್ದೇ. ನಮ್ಮ ದೇಶದ ಮನೆಗಳಲ್ಲಿ, ಸಿಪ್ಪೆ ಬೀಜವೂ ಸೇರಿ, ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ.

2019ರ ಆಗಸ್ಟಿನಲ್ಲಿ ತುಂಗೆ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿದ್ದು ನಿನಗೆ ನೆನಪಿದೆ. ಇಲ್ಲಿ ಮಳೆ ನಡುವೆ ಬಿಡುವು ಕೊಡದಿದ್ದರೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಲು ಆಗುವುದಿಲ್ಲ, ಕೊಳೆರೋಗಕ್ಕೆ ಅಡಿಕೆ ಉದುರುತ್ತದೆ. ಒಂದು ತಟ್ಟೆ ಅನ್ನದಿಂದ ಮಳೆ ಕೆಟ್ಟಿತೆಂದು ನಾನು ಹೇಳುವುದಿಲ್ಲ. ಆದರೆ ಭೂಮಿ ಬಿಸಿಯಾದಷ್ಟೂ ಮಳೆಯ ನಡತೆ ಕೆಡುತ್ತದೆ. ಮಳೆಯನ್ನೇ ನಂಬಿದ ಮನೆಯ ಮಗಳು ನೀನು.

ಅಕ್ಕಿ ಅಳೆಯುವ ಮುನ್ನ ರಾತ್ರಿ ಯಾರು ಉಣ್ಣುತ್ತಾರೆಂದು ಕೇಳು. ಅಳಿಯಂದಿರು ತಡವಾದರೆ ಒಂದು ಫೋನ್ ಸಾಕು. ಉಳಿದ ಅನ್ನವನ್ನು ಹೊರಗೆ ಬಿಡದೆ ಬೇಗ ಫ್ರಿಜ್ಜಿನಲ್ಲಿಡು, ಬೆಳಿಗ್ಗೆ ಚಿತ್ರಾನ್ನ ಮಾಡು. ಹೀರೆಕಾಯಿ ಸಿಪ್ಪೆಯ ಚಟ್ನಿ, ಕಲ್ಲಂಗಡಿಯ ಬಿಳಿ ಭಾಗದ ದೋಸೆ ನಿನಗೆ ಬರುತ್ತದೆ, ನಾನೇ ಕಲಿಸಿದ್ದೇನೆ.

ಉಳಿಯುವ ಸಿಪ್ಪೆಗೆ ತಾರಸಿಯಲ್ಲಿ ತೂತು ಕೊರೆದ ಡ್ರಮ್ ಇಡು. ಒಂದು ಪದರ ಸಿಪ್ಪೆ, ಅದರ ಮೇಲೆ ದಪ್ಪಗೆ ಒಣ ಎಲೆ. ವಾರಕ್ಕೊಮ್ಮೆ ಕೆದಕು. ವಾಸನೆ ಬಂದರೆ ನೀರಿನಂಶ ಹೆಚ್ಚಾಗಿದೆಯೆಂದು ತಿಳಿದು ಇನ್ನಷ್ಟು ಎಲೆ ಹಾಕು. ಎರಡು ಮೂರು ತಿಂಗಳಿಗೆ ಅದು ಗೊಬ್ಬರವಾಗಿ ಮಳೆಗಾಲದ ಮಣ್ಣಿನ ಪರಿಮಳ ಬರುತ್ತದೆ.

ಹಸಿ ಕಸ, ಒಣ ಕಸ ಬೇರೆ ಕೊಡಬೇಕೆಂದು ನಿಯಮವೇ ಇದೆ. ನಿಮ್ಮ ಬೀದಿಯಲ್ಲಿ ಬೇರೆ ಮಾಡಿ ಕೊಟ್ಟದ್ದನ್ನೂ ಗಾಡಿಯವರು ಒಂದೇ ಕಡೆ ಸುರಿಯುತ್ತಾರೆಂದು ಹೇಳಿದೆಯಲ್ಲ, ಅದಕ್ಕೆ ಬೇಸತ್ತು ಕೈಬಿಡಬೇಡ. ಪಕ್ಕದ ಮನೆಯ ಹೆಂಗಸರನ್ನು ಕರೆದುಕೊಂಡು ಪಾಲಿಕೆಗೆ ಹೋಗಿ ಅರ್ಜಿ ಕೊಡು, ಉತ್ತರ ಬರುವವರೆಗೆ ಮತ್ತೆ ಹೋಗು. ಒಬ್ಬಳೇ ಹೋದರೆ ಸಾಹೇಬರಿಲ್ಲವೆಂದು ಖಾಲಿ ಕುರ್ಚಿ ತೋರಿಸಿ ಕಳುಹಿಸುತ್ತಾರೆ. ಹತ್ತು ಜನ ಹೋದರೆ ಮಾತು ಕೇಳಲೇಬೇಕಾಗುತ್ತದೆ.

ಬೆಟ್ಟದಲ್ಲಿ ಈಗ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕಾಲ. ಭಾನುವಾರ ನಿನ್ನ ಅಣ್ಣ ಬಸ್ಸಿನಲ್ಲಿ ಬರುವಾಗ ಎರಡು ಚೀಲ ಕಳುಹಿಸುತ್ತೇನೆ. ಡ್ರಮ್ಮಿಗೆ ಹೆಪ್ಪಿನಂತೆ ಹಾಕಲೆಂದು ನಮ್ಮ ಗುಂಡಿಯ ಹಳೆಯ ಗೊಬ್ಬರವನ್ನೂ ಒಂದು ಡಬ್ಬಿ ಕಟ್ಟಿಟ್ಟಿದ್ದೇನೆ. ಅಷ್ಟರೊಳಗೆ ಡ್ರಮ್ಮಿಗೆ ತೂತು ಕೊರೆಸಿರು.

ಇಂತಿ,
ನಿನ್ನ ದೊಡ್ಡಮ್ಮ
ತೀರ್ಥಹಳ್ಳಿ